ಲ್ಯಾಬ್ ಬಾಗಿಲ ತನಕ ಕೈ ಹಿಡಿಯೋರು ಯಾರು?

ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಿಗೆ ಒಂದು ಪುಟ್ಟ ಯಂತ್ರ ಬಂತಲ್ಲ, ಬಟ್ಟೆ ಒಣಗಿಸೋ ಕ್ಲಿಪ್ಪಿನ ಥರದ್ದು, ನೆನಪಿದೆಯಾ ವೀಕ್ಷಕರೇ? ಬೆರಳಿಗೆ ಸಿಕ್ಕಿಸಿದ್ರೆ ಕೆಂಪು ಬೆಳಕು ಹೊತ್ತಿಕೊಂಡು 97, 96, 94 ಅಂತ ನಂಬರ್ ತೋರಿಸ್ತಿತ್ತು. ಆಸ್ಪತ್ರೆಗೆ ಓಡೋದಾ, ಮನೆಯಲ್ಲೇ ಇರೋದಾ ಅಂತ ಆ ನಂಬರ್ ನೋಡಿಕೊಂಡೇ ಜನ ತೀರ್ಮಾನ ಮಾಡ್ತಿದ್ರು. ಪಲ್ಸ್ ಆಕ್ಸಿಮೀಟರ್ ಅಂತ ಅದರ ಹೆಸರು.

ಅದು ಕೆಲಸ ಮಾಡೋ ರೀತಿ ಸರಳ. ಎರಡು ಬಗೆಯ ಬೆಳಕು ಬೆರಳಿನ ಮೂಲಕ ಹಾದುಹೋಗುತ್ತೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್. ಆಕ್ಸಿಜನ್ ಹೊತ್ತ ರಕ್ತ ಈ ಬೆಳಕನ್ನು ಒಂದು ಪ್ರಮಾಣದಲ್ಲಿ ಹೀರುತ್ತೆ, ಆಕ್ಸಿಜನ್ ಕಡಿಮೆಯಾದ ರಕ್ತ ಇನ್ನೊಂದು ಪ್ರಮಾಣದಲ್ಲಿ. ಆ ವ್ಯತ್ಯಾಸದಿಂದ ಲೆಕ್ಕ ಹಾಕಿ ನಂಬರ್ ತೋರಿಸುತ್ತೆ. ಆದರೆ ಬೆಳಕು ರಕ್ತ ತಲುಪೋಕೆ ಮುಂಚೆ ಚರ್ಮ ದಾಟಬೇಕಲ್ಲ? ಚರ್ಮದಲ್ಲಿ ಮೆಲನಿನ್ ಇರುತ್ತೆ, ನಮ್ಮ ಬಣ್ಣಕ್ಕೆ ಕಾರಣವಾಗೋ ವಸ್ತು. ಅದೂ ಬೆಳಕನ್ನು ಹೀರುತ್ತೆ.

2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸ್ತಾ ಇದ್ದಾಗ, ಅಂದ್ರೆ ಹೆಚ್ಚು ಗಾಬರಿ ಬೇಡ ಅನ್ನೋ ಹಾಗಿದ್ದಾಗ, ರಕ್ತ ತೆಗೆದು ನೇರವಾಗಿ ಅಳೆದರೆ 88ಕ್ಕಿಂತ ಕಡಿಮೆ ಇದ್ದ ಪ್ರಕರಣಗಳು ಎಷ್ಟು? ಬಿಳಿಯರಲ್ಲಿ ಶೇ. 3.6. ಕಪ್ಪು ಜನಾಂಗದವರಲ್ಲಿ ಶೇ. 11.7. ಮೂರು ಪಟ್ಟಿಗಿಂತ ಹೆಚ್ಚು. ಯಂತ್ರ ಸರಿ ಇದೆ ಅನ್ನುತ್ತೆ, ರೋಗಿ ಒಳಗೊಳಗೇ ಉಸಿರಿಗೆ ಒದ್ದಾಡ್ತಿರ್ತಾನೆ.

ಇದು ಹೊಸ ವಿಷಯನಾ? ಅಲ್ಲ. ಗಾಢ ಚರ್ಮದವರಲ್ಲಿ ಈ ಯಂತ್ರ ಹೆಚ್ಚು ತೋರಿಸುತ್ತೆ ಅಂತ 2005ರಲ್ಲೇ ಸಂಶೋಧಕರು ಬರೆದಿದ್ದರು. 2013ರ ಅಮೆರಿಕದ ಸರ್ಕಾರಿ ಮಾರ್ಗಸೂಚಿಯಲ್ಲಿ ಏನಿತ್ತು ಗೊತ್ತಾ? ಯಂತ್ರವನ್ನು ಕನಿಷ್ಠ 10 ಜನರ ಮೇಲೆ ಪರೀಕ್ಷೆ ಮಾಡಿ, ಅವರಲ್ಲಿ ಗಾಢ ಚರ್ಮದವರು 2 ಜನ ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು, ಇದ್ದರೆ ಸಾಕು ಅಂತ. ನಮ್ಮ ದೇಶದಲ್ಲಿ ಅರ್ಧಕ್ಕರ್ಧ ಜನರ ಬಣ್ಣ ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಯಾರೋ ಕೂತು ಸಂಚು ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ಯಂತ್ರ ಮಾಡಿದವರು, ಪರೀಕ್ಷೆ ಮಾಡಿದವರು, ನಿಯಮ ಬರೆದವರು, ಬಹುಪಾಲು ಒಂದೇ ಥರದವರು ಆ ಕೋಣೆಯಲ್ಲಿ ಕೂತಿದ್ದರು. "ನಮ್ಮಜ್ಜಿಯ ಬೆರಳಿಗೆ ಹಾಕಿದ್ರೆ ಸರಿಯಾಗಿ ತೋರಿಸುತ್ತಾ ಇದು?" ಅಂತ ಕೇಳೋರು ಆ ಕೋಣೆಯಲ್ಲಿ ಇರಲಿಲ್ಲ, ಅಥವಾ ಇದ್ದರೂ ಅವರ ಮಾತು ಕೇಳಿಸುವಷ್ಟು ಜನ ಇರಲಿಲ್ಲ. ವೈದ್ಯವಿಜ್ಞಾನದ ಲ್ಯಾಬಿನೊಳಗೆ ಯಾರು ಇರ್ತಾರೆ ಅನ್ನೋದು ಹಾಗಾಗಿ ಬರೀ ನೌಕರಿಯ ಪ್ರಶ್ನೆ ಅಲ್ಲ. ಯಾವ ಕಾಯಿಲೆ ಮೇಲೆ ಸಂಶೋಧನೆ ನಡೆಯುತ್ತೆ, ಯಾರ ಮೈಮೇಲೆ ಪರೀಕ್ಷೆ ನಡೆಯುತ್ತೆ, ಯಾರ ಮಾತನ್ನ ಜನ ನಂಬ್ತಾರೆ, ಎಲ್ಲವೂ ಅದರೊಳಗೇ ಬರುತ್ತೆ.

ಹಾಗಾದ್ರೆ ಇದುವರೆಗೆ ಬಾರದವರನ್ನು ಆ ಕೋಣೆಗೆ ಕರೆತರೋದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಸಿಗೋ ಉತ್ತರ, ಮೆಂಟರಿಂಗ್. ಈ ಪದ ಕೇಳಿದ ತಕ್ಷಣ ನಮಗೆ ನೆನಪಾಗೋದು ಕಾಲೇಜಿಗೆ ಯಾರೋ ಒಬ್ಬರು ಬಂದು, ಶಾಲು ಹೊದಿಸಿಕೊಂಡು, ಕನಸು ಕಾಣಿ ಅಂತ ಭಾಷಣ ಮಾಡಿ, ಊಟ ಮಾಡಿ ಹೋಗೋದು. ಅದಲ್ಲ ಮೆಂಟರಿಂಗ್. ನಿಜವಾದ್ದು ಹೇಗಿರುತ್ತೆ ಅಂತ ತೋರಿಸೋಕೆ ಅಮೆರಿಕದ ಒಂದು ಸಾಧಾರಣ ಸರ್ಕಾರಿ ವಿಶ್ವವಿದ್ಯಾಲಯದ ಕಥೆ ಹೇಳ್ತೀನಿ. ಹಾರ್ವರ್ಡ್ ಅಲ್ಲ, ಎಂಐಟಿ ಅಲ್ಲ. ಬಾಲ್ಟಿಮೋರ್ ನಗರದ ಅಂಚಿನಲ್ಲಿರೋ ಯುಎಂಬಿಸಿ, ಅಂದ್ರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್. ಶುರುವಾಗಿದ್ದೇ 1966ರಲ್ಲಿ.

1987ರಲ್ಲಿ ಅಲ್ಲಿಗೆ ಒಬ್ಬ ಗಣಿತದ ಮನುಷ್ಯ ಆಡಳಿತಾಧಿಕಾರಿಯಾಗಿ ಬಂದರು. ಫ್ರೀಮನ್ ಹ್ರಬೌಸ್ಕಿ. ಹುಟ್ಟಿದ್ದು 1950ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಂನಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಇದ್ದ ಊರು. ಚರ್ಚಿನ ಹಿಂದಿನ ಬೆಂಚಲ್ಲಿ ಕೂತು ಗಣಿತದ ಲೆಕ್ಕ ಮಾಡ್ತಾ ಇದ್ದ ಈ ಹುಡುಗನ ಕಿವಿಗೆ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತು ಬಿತ್ತು. 1963ರಲ್ಲಿ ಮಕ್ಕಳೇ ಬೀದಿಗಿಳಿದ ಆ ಪ್ರಸಿದ್ಧ ಮೆರವಣಿಗೆಗೆ ಇವನೂ ಹೋದ. 12ನೇ ವಯಸ್ಸಿಗೆ ಐದು ದಿನ ಜೈಲು. ಬೇಕಾಗಿದ್ದು ಏನು? ಒಳ್ಳೆ ಪುಸ್ತಕ ಇರೋ, ಒಳ್ಳೆ ಪಾಠ ಆಗೋ ಶಾಲೆಗೆ ಹೋಗೋಕೆ ಬಿಡಿ ಅಂತ. ಅಷ್ಟೇ.

ಯುಎಂಬಿಸಿಗೆ ಬಂದಾಗ ಅವರು ನೋಡಿದ್ದು ಒಂದೇ ಚಿತ್ರ. ವಿಜ್ಞಾನಕ್ಕೆ ಸೇರೋ ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಗಣಿತ, ರಸಾಯನಶಾಸ್ತ್ರದಲ್ಲೇ ಮುಗ್ಗರಿಸಿ ವಿಜ್ಞಾನ ಬಿಟ್ಟು ಹೋಗ್ತಿದ್ದರು. ಅದೇ ಹೊತ್ತಿಗೆ ರಾಬರ್ಟ್ ಮೇಯರ್‌ಹಾಫ್ ಅನ್ನೋ ಬಾಲ್ಟಿಮೋರ್‌ನ ಕಟ್ಟಡ ಉದ್ಯಮಿ ಇವರ ಜೊತೆ ಸೇರಿದರು. ಟಿವಿ ಹಾಕಿದರೆ ಕಪ್ಪು ಹುಡುಗರು ಒಂದೋ ಆಟದ ಮೈದಾನದಲ್ಲಿ, ಇಲ್ಲಾ ಪೊಲೀಸ್ ಜೀಪಿನಲ್ಲಿ ಕಾಣ್ತಾರೆ, ಇದು ಬದಲಾಗಬೇಕು ಅನ್ನೋದು ಅವರ ಕಳವಳ. (ಟಿವಿಯವರು ನಾವು, ಈ ಮಾತು ಸ್ವಲ್ಪ ನಮಗೂ ತಾಗುತ್ತೆ.) 1988ರಲ್ಲಿ ಯೋಜನೆ, 1989ರಲ್ಲಿ ಮೊದಲ ಬ್ಯಾಚ್. 19 ಹುಡುಗರು. ಮರುವರ್ಷ ಹುಡುಗಿಯರೂ ಬಂದರು. ಇದೇ ಮೇಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮ.

ಇಲ್ಲಿ ಸ್ವಲ್ಪ ನಿಲ್ಲಿ. ಈ ಯೋಜನೆಯಲ್ಲಿ ಏನು ಮಾಡ್ತಾರೆ ಅಂತ ಹೇಳೋಕೆ ಮುಂಚೆ, ಹತ್ತು ಹದಿನೈದು ವರ್ಷ ಹಿಂದಕ್ಕೆ, ದೇಶದ ಇನ್ನೊಂದು ತುದಿಗೆ ಹೋಗಬೇಕು. ಯಾಕಂದ್ರೆ ಒಳ್ಳೆ ವಿದ್ಯಾರ್ಥಿ ಯಾಕೆ ಫೇಲ್ ಆಗ್ತಾನೆ ಅನ್ನೋ ಪ್ರಶ್ನೆಗೆ ಅಲ್ಲಿ ಒಬ್ಬರು ನಿಜವಾದ ಉತ್ತರ ಹುಡುಕಿದ್ದರು.

1970ರ ದಶಕ, ಕ್ಯಾಲಿಫೋರ್ನಿಯಾದ ಬರ್ಕ್ಲಿ. ಉರಿ ಟ್ರೀಸ್‌ಮನ್ ಅಂತ ಒಬ್ಬ ಗಣಿತದ ಸಂಶೋಧನಾ ವಿದ್ಯಾರ್ಥಿ. ಕ್ಯಾಲ್ಕುಲಸ್ ಕ್ಲಾಸಿನಲ್ಲಿ ಕಪ್ಪು ವಿದ್ಯಾರ್ಥಿಗಳು ಸಾಲುಸಾಲಾಗಿ ಫೇಲ್ ಆಗ್ತಿದ್ರು, ಚೀನೀ ಮೂಲದವರು ಚೆನ್ನಾಗಿ ಮಾಡ್ತಿದ್ರು. ಯಾಕೆ ಅಂತ ಪ್ರಾಧ್ಯಾಪಕರನ್ನ ಕೇಳಿದರೆ ಸಿಕ್ಕಿದ್ದು ಎಲ್ಲರಿಗೂ ಬಾಯಿಪಾಠ ಆಗಿದ್ದ ಉತ್ತರಗಳು. ಅವರಿಗೆ ಛಲ ಇಲ್ಲ. ಬುನಾದಿ ಸರಿ ಇಲ್ಲ. ಮನೆಯಲ್ಲಿ ಓದಿನ ವಾತಾವರಣ ಇಲ್ಲ. ಬಡತನ. ನಮಗೂ ಈ ಪಟ್ಟಿ ಹೊಸದಲ್ಲ ಬಿಡಿ, ಯಾವ ಸ್ಟಾಫ್ ರೂಮಿನಲ್ಲಿ ಕೇಳಿದ್ರೂ ಇದೇ ಸಿಗುತ್ತೆ.

ಟ್ರೀಸ್‌ಮನ್ ಈ ಉತ್ತರಗಳನ್ನು ನಂಬಿ ಸುಮ್ಮನಾಗಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, 20 ಚೀನೀ ಮೂಲದ ವಿದ್ಯಾರ್ಥಿಗಳು, ಇವರ ಹಿಂದೆಯೇ ಬಿದ್ದರು. ಲೈಬ್ರರಿ, ಹಾಸ್ಟೆಲ್, ಮನೆ, ಎಲ್ಲ ಕಡೆ. ಹೇಗೆ ಓದ್ತಾರೆ ಅಂತ ನೋಡೋದೇ ಕೆಲಸ. ಕಂಡಿದ್ದು ಏನು? ಕಪ್ಪು ವಿದ್ಯಾರ್ಥಿಗಳಿಗೆ ಛಲಕ್ಕೇನೂ ಕೊರತೆ ಇರಲಿಲ್ಲ. ಕ್ಲಾಸಿನ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದಿ ಅಂತ ಮೇಷ್ಟ್ರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸ್ತಿದ್ರು. ಆದರೆ ಒಬ್ಬೊಬ್ಬರೇ. 20ರಲ್ಲಿ 18 ಜನ ಕ್ಲಾಸಿನ ಇನ್ನೊಬ್ಬರ ಜೊತೆ ಕೂತು ಓದಿದ್ದೇ ಇಲ್ಲ. ಒಂಟಿಯಾಗಿ ಓದಿ, ಒಂಟಿಯಾಗಿ ಸ್ಕೂಲ್ ದಾಟಿ ಬಂದವರು. ಊರಿನಲ್ಲಿ ಓದೋ ಹುಡುಗ ಅವನೊಬ್ಬನೇ ಆಗಿದ್ದ, ಆ ಒಂಟಿತನವೇ ಅವನನ್ನ ಅಲ್ಲಿವರೆಗೆ ತಂದಿತ್ತು. ಬರ್ಕ್ಲಿಯಲ್ಲಿ ಅದೇ ಅವನ ಕಾಲು ಹಿಡಿದೆಳೆಯಿತು. ಲೆಕ್ಕ ಬರಲಿಲ್ಲ ಅಂದ್ರೆ, ಲೆಕ್ಕ ಕಷ್ಟ ಇದೆ ಅಂತ ಅನ್ನಿಸಲ್ಲ, ನಾನು ಇಲ್ಲಿಗೆ ಲಾಯಕ್ಕಲ್ಲ ಅನ್ನಿಸುತ್ತೆ. ಪಕ್ಕದವನಿಗೂ ಬಂದಿಲ್ಲ ಅಂತ ಗೊತ್ತಾಗೋದು ಪಕ್ಕದಲ್ಲಿ ಕೂತರೆ ತಾನೇ?

ಚೀನೀ ಮೂಲದವರು ಮೊದಲು ಒಬ್ಬೊಬ್ಬರೇ ಓದಿ, ಆಮೇಲೆ ಗುಂಪಲ್ಲಿ ಕೂರ್ತಿದ್ರು. ಊಟಾನೂ ಅಲ್ಲೇ, ಹರಟೆನೂ ಅಲ್ಲೇ, ಲೆಕ್ಕಾನೂ ಅಲ್ಲೇ. ನಿನ್ನ ಉತ್ತರ ಎಷ್ಟು, ನಂದು ಇಷ್ಟು. ಹಳೇ ಪ್ರಶ್ನೆಪತ್ರಿಕೆ ಕೈಯಿಂದ ಕೈಗೆ. ಪರೀಕ್ಷೆಯಲ್ಲಿ ಏನು ಬರುತ್ತೆ, ಯಾವ ಮೇಷ್ಟ್ರು ಹೇಗೆ, ಎಲ್ಲ ಮಾಹಿತಿ ಅಲ್ಲೇ ಹರಿದಾಡ್ತಿತ್ತು.

ನಮ್ಮಲ್ಲಿ ಇಂಜಿನಿಯರಿಂಗ್ ಓದಿದ ಯಾರಿಗಾದ್ರೂ ಇದನ್ನು ವಿವರಿಸಿ ಹೇಳೋ ಅಗತ್ಯ ಇಲ್ಲ. ಮೊದಲ ಸೆಮಿಸ್ಟರ್‌ನ ಗಣಿತ ಪೇಪರ್ ದಾಟಿಸೋದು ಪಠ್ಯಪುಸ್ತಕ ಅಲ್ಲ, ಹಾಸ್ಟೆಲ್ ರೂಮು. ಸೀನಿಯರ್ ಕೊಟ್ಟ ಜೆರಾಕ್ಸ್ ನೋಟ್ಸು, ಪರೀಕ್ಷೆಯ ಹಿಂದಿನ ರಾತ್ರಿ ಇದೊಂದು ಕಲಿತುಕೋ ಸಾಕು ಅನ್ನೋ ಒಂದು ಮಾತು. ಆ ರೂಮಿಗೆ ಯಾರನ್ನ ಕರೀತಾರೆ, ಯಾರನ್ನ ಕರೆಯಲ್ಲ ಅನ್ನೋದು ನಮ್ಮಲ್ಲಿ ಊರು, ಭಾಷೆ, ಮೀಡಿಯಂ, ಇನ್ನೂ ಏನೇನೋ ನೋಡಿ ತೀರ್ಮಾನ ಆಗುತ್ತೆ. ಕಾಲೇಜಿನವರ ಕಣ್ಣಿಗೆ ಮಾತ್ರ ಕಾಣೋದು ಮಾರ್ಕ್ಸ್ ಕಾರ್ಡು.

ಟ್ರೀಸ್‌ಮನ್ ಮಾಡಿದ ಪರಿಹಾರವೇ ಈ ಕಥೆಯ ತಿರುಳು. ಹಿಂದುಳಿದವರಿಗೆ ಅಂತ ವಿಶೇಷ ತರಗತಿ ಇಟ್ಟು ಸುಲಭದ ಲೆಕ್ಕ ಕೊಡಲಿಲ್ಲ. ಕ್ಲಾಸಿಗಿಂತ ಕಷ್ಟದ ಲೆಕ್ಕ ಕೊಟ್ಟು, ಗುಂಪಾಗಿ ಕೂರಿಸಿದರು. ಬೋರ್ಡು ಹಾಕಿದ್ದು ಪ್ರತಿಭಾವಂತರ ವರ್ಕ್‌ಶಾಪ್ ಅಂತಲೇ ಹೊರತು ದುರ್ಬಲರ ಟ್ಯೂಷನ್ ಅಂತ ಅಲ್ಲ. ಅಲ್ಲಿ ಕೂತ ಕಪ್ಪು ವಿದ್ಯಾರ್ಥಿಗಳು, ವರ್ಕ್‌ಶಾಪಿಗೆ ಬಾರದ ಬಿಳಿಯ ಸಹಪಾಠಿಗಳನ್ನೂ ಮೀರಿಸಿದರು. ಅದೇ ಹುಡುಗರು, ಅದೇ ಪರೀಕ್ಷೆ.

ಈಗ ಬಾಲ್ಟಿಮೋರ್‌ಗೆ ವಾಪಸ್ ಬನ್ನಿ. ಮೇಯರ್‌ಹಾಫ್ ಕಾರ್ಯಕ್ರಮಕ್ಕೆ ಆರಿಸೋದು ಗಣಿತ, ವಿಜ್ಞಾನದಲ್ಲಿ ಗಟ್ಟಿ ಇರೋ ಮಕ್ಕಳನ್ನೇ. ಕಾಲೇಜು ಶುರುವಾಗೋಕೆ ಮುಂಚೆ, ಬೇಸಿಗೆಯಲ್ಲಿ ಆರು ವಾರ ಕ್ಯಾಂಪಸ್ಸಿನಲ್ಲೇ ಒಟ್ಟಿಗೆ ಇರಬೇಕು. ಕ್ಯಾಲ್ಕುಲಸ್ ಪಾಠ ಆಗುತ್ತೆ, ಕಪ್ಪು ಜನರ ಇತಿಹಾಸದ ಪಾಠವೂ ಆಗುತ್ತೆ. ಬೆಳಗ್ಗೆಯಿಂದ ರಾತ್ರಿವರೆಗೆ ಮಿಲಿಟರಿ ಥರ ಟೈಮ್ ಟೇಬಲ್. ಒಬ್ಬ ತಡವಾಗಿ ಬಂದ್ರೆ ಇಡೀ ಗುಂಪು ಕೇಳುತ್ತೆ. ಆರು ವಾರದಲ್ಲಿ ಅವರು ಕಲಿಯೋ ದೊಡ್ಡ ಪಾಠ ಕ್ಯಾಲ್ಕುಲಸ್ ಅಲ್ಲ, ಅರ್ಥ ಆಗಲಿಲ್ಲ ಅಂತ ಎಲ್ಲರ ಮುಂದೆ ನಾಚಿಕೆ ಇಲ್ಲದೆ ಹೇಳೋದು.

ಇನ್ನೊಂದು ನಿಯಮ ಕೇಳಿ, ನಮ್ಮವರಿಗೆ ವಿಚಿತ್ರ ಅನ್ನಿಸುತ್ತೆ. ಮೂಲ ವಿಷಯಗಳಲ್ಲಿ ಸಿ ಗ್ರೇಡ್ ಬಂದ್ರೆ, ಅಂದ್ರೆ ಪಾಸೇ ಆಗಿದ್ರೂ, ಆ ಕೋರ್ಸನ್ನು ಮತ್ತೆ ಮಾಡು ಅಂತಾರೆ. ಪಾಸಾದವನನ್ನ ಮತ್ತೆ ಕೂರಿಸೋದಾ ಅಂತ ನಮ್ಮಲ್ಲಾದ್ರೆ ಪೋಷಕರು ಗಲಾಟೆ ಮಾಡ್ತಾರೆ. ಅವರ ಲೆಕ್ಕ ನೇರ ಇದೆ. ಮೊದಲನೇ ಕೆಮಿಸ್ಟ್ರಿಯಲ್ಲಿ ಅರ್ಧಂಬರ್ಧ ಕಲಿತವನು ಮೂರನೇ ಕೆಮಿಸ್ಟ್ರಿಯಲ್ಲಿ ಬಿದ್ದೇ ಬೀಳ್ತಾನೆ. ಆಗ ಎತ್ತೋಕೆ ಆಗಲ್ಲ. ಕನಿಕರ ತೋರಿಸಿ ಮುಂದೆ ತಳ್ಳೋದಕ್ಕಿಂತ, ಈಗ ನಿಲ್ಲಿಸಿ ಸರಿ ಮಾಡೋದೇ ಆ ಹುಡುಗನ ಮೇಲಿನ ಗೌರವ.

ಆಮೇಲೆ ಲ್ಯಾಬ್. ಕೊನೇ ವರ್ಷದ ಪ್ರಾಜೆಕ್ಟ್ ತನಕ ಕಾಯೋದಿಲ್ಲ, ಬೇಗನೆ ನಿಜವಾದ ಸಂಶೋಧನಾ ಲ್ಯಾಬಿಗೆ ಕಳಿಸ್ತಾರೆ. ಅದೇ ಕ್ಯಾಂಪಸ್ಸಿನಲ್ಲಿ ಮೈಕಲ್ ಸಮರ್ಸ್ ಅಂತ ಒಬ್ಬ ವಿಜ್ಞಾನಿ ಇದ್ದಾರೆ. ಎಚ್ಐವಿ ವೈರಸ್ಸಿನ ಒಳರಚನೆಯನ್ನು ಬಿಡಿಸಿ ನೋಡೋದು ಅವರ ಕೆಲಸ. ಆ ಲ್ಯಾಬಿನಲ್ಲಿ ಕೈಗವಸು ಹಾಕಿ ನಿಂತವರಲ್ಲಿ ಎಷ್ಟೋ ಜನ ಇನ್ನೂ ಪದವಿ ಮುಗಿಸದ ಮಕ್ಕಳು. ಅವರ ಹೆಸರು ಸಂಶೋಧನಾ ಪ್ರಬಂಧಗಳಲ್ಲಿ ಬರುತ್ತೆ. ಇದು ಹೇಳಿದಷ್ಟು ಸುಲಭ ಅಲ್ಲ ವೀಕ್ಷಕರೇ. ಹತ್ತೊಂಬತ್ತು ವರ್ಷದ ಹುಡುಗಿಗೆ ಪಿಪೆಟ್ ಹಿಡಿಯೋದ್ರಿಂದ ಹಿಡಿದು ಕಲಿಸಬೇಕು. ಅವಳು ಹಾಳು ಮಾಡಿದ ಸ್ಯಾಂಪಲ್ಲಿಗೆ ಒಂದು ವಾರ ಹೋಗುತ್ತೆ, ದುಡ್ಡೂ ಹೋಗುತ್ತೆ. ಕಲಿತು ಕೈ ಕುದುರೋ ಹೊತ್ತಿಗೆ ಪದವಿ ಮುಗಿಸಿ ಹೊರಟೇ ಹೋಗ್ತಾಳೆ. ವಿಜ್ಞಾನಿಯ ಪ್ರಮೋಷನ್ ಅರ್ಜಿಯಲ್ಲಿ ಪ್ರಬಂಧ ಎಷ್ಟು, ಗ್ರಾಂಟ್ ಎಷ್ಟು ಅಂತ ಕಾಲಂ ಇರುತ್ತೆ, ಎಷ್ಟು ಮಕ್ಕಳಿಗೆ ಪಿಪೆಟ್ ಹಿಡಿಯೋದು ಕಲಿಸಿದ್ರಿ ಅನ್ನೋದಕ್ಕೆ ಅಷ್ಟು ಬೆಲೆ ಇರೋದಿಲ್ಲ. ಒಳ್ಳೆ ಮೆಂಟರ್‌ಗಳು ಯಾಕೆ ಕಡಿಮೆ ಅಂತ ಆಶ್ಚರ್ಯಪಡೋರು ಮೊದಲು ಆ ಅರ್ಜಿ ನಮೂನೆ ನೋಡಬೇಕು.

ಮನೆಯವರ ವಿಷಯಾನೂ ಇದೆ. ಬಂದ ಮಕ್ಕಳಲ್ಲಿ ಬಹಳ ಜನಕ್ಕೆ ಗೊತ್ತಿದ್ದ ಒಂದೇ ದಾರಿ, ಡಾಕ್ಟರ್ ಆಗೋದು. ಜೀವಶಾಸ್ತ್ರ ಓದಿದ ಜಾಣ ಮಗು ಸ್ಟೆತಸ್ಕೋಪ್ ಬಿಟ್ಟು ಇನ್ನೇನು ಹಿಡಿಯೋಕೆ ಸಾಧ್ಯ ಅಂತ ಅಲ್ಲಿನ ಅಪ್ಪ ಅಮ್ಮನಿಗೂ ಅನ್ನಿಸುತ್ತೆ. ನಮ್ಮ ನೀಟ್ ಮನೆಗಳೇನೂ ಬೇರೆ ಅಲ್ಲ. ಐದಾರು ವರ್ಷ ಪಿಎಚ್‌ಡಿ, ಆಮೇಲೂ ಪಕ್ಕಾ ನೌಕರಿ ಇಲ್ಲ ಅಂದ್ರೆ ಯಾವ ಅಮ್ಮ ಒಪ್ತಾರೆ? ಅದಕ್ಕೇ ಈ ಕಾರ್ಯಕ್ರಮದಲ್ಲಿ ಪೋಷಕರನ್ನೂ ಸೇರಿಸಿಕೊಂಡು ಒಂದು ಕೂಟ ಇದೆ. ಪಿಎಚ್‌ಡಿ ಮಾಡಿದ ಹಳೇ ಬ್ಯಾಚಿನವರನ್ನ ಕಣ್ಣಮುಂದೆ ತಂದು ನಿಲ್ಲಿಸ್ತಾರೆ. ಇವನೂ ನಮ್ಮ ಬೀದಿಯವನೇ ಅಂತ ಕಂಡಾಗಲೇ ಮನೆಯವರಿಗೆ ಧೈರ್ಯ.

ಸರಿ, ಫಲಿತಾಂಶ? ಇಲ್ಲಿ ಒಂದು ಸಂದೇಹ ಬರಲೇಬೇಕು. ಆರಿಸಿದ್ದೇ ಜಾಣರನ್ನ, ಅವರು ಮುಂದೆ ಹೋದ್ರೆ ಅದರಲ್ಲೇನು ದೊಡ್ಡಸ್ತಿಕೆ? ನಮ್ಮ ಕೋಚಿಂಗ್ ಸೆಂಟರ್‌ಗಳು ರ‍್ಯಾಂಕ್ ಬರೋ ಮಕ್ಕಳನ್ನೇ ಸೇರಿಸಿಕೊಂಡು ಫ್ಲೆಕ್ಸ್ ಹಾಕೋ ಹಾಗಾಯ್ತಲ್ಲ? ಯುಎಂಬಿಸಿಯವರು ಈ ಪ್ರಶ್ನೆಯನ್ನ ತಾವೇ ಕೇಳಿಕೊಂಡರು. ಕಾರ್ಯಕ್ರಮಕ್ಕೆ ಆಯ್ಕೆಯಾಗಿ, ಆಮೇಲೆ ಬೇಡ ಅಂತ ಬೇರೆ ವಿಶ್ವವಿದ್ಯಾಲಯಗಳಿಗೆ ಹೋದವರು ಇರ್ತಾರಲ್ಲ, ಅವರ ಜೊತೆ ಹೋಲಿಸಿದರು. ಅಂಕ, ಅರ್ಹತೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬಂದವರು ವಿಜ್ಞಾನದಲ್ಲಿ ಪಿಎಚ್‌ಡಿ ಹಾದಿ ಹಿಡಿಯೋ ಸಾಧ್ಯತೆ, ಬಾರದವರಿಗಿಂತ ಸುಮಾರು ಐದು ಪಟ್ಟು. ಬೇಡ ಅಂದವರಿಗೆ ಮೊದಲಿಂದಲೂ ಸಂಶೋಧನೆ ಕಡೆ ಮನಸ್ಸು ಕಡಿಮೆ ಇತ್ತೇನೋ ಅನ್ನೋ ತೂತು ಈ ಹೋಲಿಕೆಯಲ್ಲಿ ಇದ್ದೇ ಇದೆ. ಆದರೆ ಪೆನ್ ಸ್ಟೇಟ್ ಮತ್ತು ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯಗಳು ಇದೇ ಅಚ್ಚಿನಲ್ಲಿ ತಮ್ಮ ಕಾರ್ಯಕ್ರಮ ಶುರು ಮಾಡಿದಾಗ, ಮೊದಲ ಬ್ಯಾಚುಗಳಲ್ಲೇ ಅದೇ ದಿಕ್ಕಿನ ಫಲ ಕಂಡಿತು. 2019ರಲ್ಲಿ ಅದು ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಂದ್ರೆ ಇದು ಒಬ್ಬ ಹ್ರಬೌಸ್ಕಿಯ ಮ್ಯಾಜಿಕ್ ಅಲ್ಲ, ಬೇರೆಯವರೂ ಅಡುಗೆ ಮಾಡಬಹುದಾದ ರೆಸಿಪಿ.

ಇದನ್ನು ಒಂದು ಮುಖದಲ್ಲಿ ನೋಡೋಣ. ಕಿಜ್‌ಮೀಕಿಯಾ ಕಾರ್ಬೆಟ್. ನಾರ್ತ್ ಕ್ಯಾರೊಲಿನಾದ ಸಣ್ಣ ಊರಿನ ಹುಡುಗಿ. ಹೈಸ್ಕೂಲಿನಲ್ಲಿದ್ದಾಗಲೇ ಅಮೆರಿಕದ ಕೆಮಿಕಲ್ ಸೊಸೈಟಿಯ ಪ್ರಾಜೆಕ್ಟ್ ಸೀಡ್ ಅನ್ನೋ ಯೋಜನೆಯಲ್ಲಿ ಬೇಸಿಗೆ ರಜೆಗೆ ವಿಶ್ವವಿದ್ಯಾಲಯದ ಲ್ಯಾಬ್ ಸಿಕ್ಕಿತು. ಅಲ್ಲಿಂದ ಮೇಯರ್‌ಹಾಫ್ ಸ್ಕಾಲರ್ ಆಗಿ ಯುಎಂಬಿಸಿ. ಪದವಿ ವಿದ್ಯಾರ್ಥಿನಿ ಆಗಿದ್ದಾಗಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್ಐಎಚ್‌ನಲ್ಲಿ ಬಾರ್ನಿ ಗ್ರಹಾಂ ಅನ್ನೋ ಲಸಿಕೆ ವಿಜ್ಞಾನಿಯ ತಂಡದಲ್ಲಿ ಕೆಲಸ. 2008ರಲ್ಲಿ ಪದವಿ, 2014ರಲ್ಲಿ ಪಿಎಚ್‌ಡಿ, ಮತ್ತೆ ಅದೇ ಗ್ರಹಾಂ ತಂಡಕ್ಕೆ. ಕೊರೊನಾ ಜಾತಿಯ ವೈರಸ್‌ಗಳ ಮೇಲಿನ ಮುಳ್ಳಿನಂಥ ಪ್ರೋಟೀನ್ ಮೇಲೆ ವರ್ಷಗಟ್ಟಲೆ ಕೆಲಸ. ಆಗ ಅದನ್ನು ಯಾರೂ ಟಿವಿಯಲ್ಲಿ ತೋರಿಸಲಿಲ್ಲ.

2020ರ ಜನವರಿ 10ಕ್ಕೆ ಕೋವಿಡ್ ವೈರಸ್ಸಿನ ಜೀನ್ ಮಾಹಿತಿ ಹೊರಬಿತ್ತು. ಮಾರ್ಚ್ 16ಕ್ಕೆ ಎನ್ಐಎಚ್ ಮತ್ತು ಮಾಡರ್ನಾ ಸೇರಿ ಮಾಡಿದ ಲಸಿಕೆಯ ಮೊದಲ ಡೋಸ್ ಮನುಷ್ಯರ ತೋಳಿಗೆ. 66 ದಿನ. ಆ ತಂಡದ ಮುಂಚೂಣಿಯಲ್ಲಿ ಕಾರ್ಬೆಟ್. ಲಸಿಕೆ ಬಂದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಕಪ್ಪು ಜನರ ಚರ್ಚುಗಳಲ್ಲಿ, ಸಭೆಗಳಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆ ಜನಕ್ಕೆ ಅನುಮಾನ ಇರೋಕೆ ಕಾರಣ ಇತ್ತು. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗ ಇದ್ದ 399 ಕಪ್ಪು ಜನಾಂಗದವರಿಗೆ ಸರ್ಕಾರಿ ವೈದ್ಯರು ಚಿಕಿತ್ಸೆಯನ್ನೇ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ನೆನಪು ಇರೋ ಮನೆಯವರಿಗೆ, ಈ ಲಸಿಕೆ ಮಾಡಿದವರಲ್ಲಿ ನಾನೂ ಒಬ್ಬಳು ಅಂತ ಎದುರಿಗೆ ಬಂದು ಹೇಳೋರು ಬೇಕಿತ್ತು.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವರ ತಲೆಯಲ್ಲಿ ಒಂದು ಪದ ಓಡ್ತಿರುತ್ತೆ. ಮೀಸಲಾತಿ. ಗೊಂದಲ ಬೇಡ. ಮೀಸಲಾತಿ ಗೇಟಿನ ಪ್ರಶ್ನೆ, ಯಾರನ್ನ ಒಳಗೆ ಬಿಡಬೇಕು ಅನ್ನೋದು. ಇದು ಗೇಟ್ ದಾಟಿ ಒಳಗೆ ಬಂದವರು ಯಾಕೆ ಹಿಂದಿನ ಬಾಗಿಲಿಂದ ಸದ್ದಿಲ್ಲದೆ ಹೊರಗೆ ಹೋಗ್ತಾರೆ ಅನ್ನೋ ಪ್ರಶ್ನೆ. ಎರಡೂ ಬೇಕು, ಒಂದು ಇದ್ರೆ ಇನ್ನೊಂದು ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಅಮೆರಿಕದಲ್ಲೂ ಈ ಜಗಳ ಕೋರ್ಟಿಗೆ ಹೋಗಿದೆ. ಮೇರಿಲ್ಯಾಂಡ್‌ನಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಇದ್ದ ಇನ್ನೊಂದು ಸ್ಕಾಲರ್‌ಶಿಪ್ಪನ್ನು 1994ರಲ್ಲಿ ಮೇಲ್ಮನವಿ ಕೋರ್ಟ್ ಹೊಡೆದುಹಾಕಿತು. ಅದಾದ ಮೇಲೆ 1996ರಿಂದ ಮೇಯರ್‌ಹಾಫ್ ಎಲ್ಲ ಜನಾಂಗದವರಿಗೂ ತೆರೆಯಿತು. ಗುರಿ ಬದಲಾಗಲಿಲ್ಲ, ಕಾರ್ಯಕ್ರಮ ಕೆಡಲೂ ಇಲ್ಲ.

ಒಬ್ಬ ಉದ್ಯಮಿಯ ಹಣದಿಂದ ಒಂದು ಕ್ಯಾಂಪಸ್ ನಡೀಬಹುದು, ದೇಶ ನಡೆಯಲ್ಲ. ಆದ್ದರಿಂದ ಎನ್ಐಎಚ್ ಕೂಡ 1970ರ ದಶಕದಿಂದ ಮಾರ್ಕ್ ಅನ್ನೋ ಯೋಜನೆ ನಡೆಸ್ತಾ ಬಂತು. ಪದವಿ ಮಕ್ಕಳಿಗೆ ತಿಂಗಳ ಸ್ಟೈಪೆಂಡ್ ಕೊಡೋದು, ಲ್ಯಾಬಿಗೆ ಕಳಿಸೋದು. ಸ್ಟೈಪೆಂಡ್ ಯಾಕೆ? ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದು ಫೀಸು ಕಟ್ಟೋ ಹುಡುಗನಿಗೆ ಲ್ಯಾಬಿನಲ್ಲಿ ಪುಕ್ಕಟೆ ಕೆಲಸ ಮಾಡು, ಅನುಭವ ಸಿಗುತ್ತೆ ಅಂದ್ರೆ ಅವನು ನಗ್ತಾನೆ.

2011ರಲ್ಲಿ ಎನ್ಐಎಚ್‌ಗೆ ಒಂದು ಮುಜುಗರ ಕಾದಿತ್ತು. ಸಂಶೋಧನೆಗೆ ದುಡ್ಡು ಕೇಳಿ ಬಂದ ಅರ್ಜಿಗಳನ್ನು ಅರ್ಥಶಾಸ್ತ್ರಜ್ಞೆ ಡೋನಾ ಗಿಂಥರ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಓದು, ಪ್ರಬಂಧ, ಸಂಸ್ಥೆ, ಎಲ್ಲವನ್ನೂ ಸರಿದೂಗಿಸಿದ ಮೇಲೂ ಕಪ್ಪು ವಿಜ್ಞಾನಿಗಳಿಗೆ ಗ್ರಾಂಟ್ ಸಿಗೋ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾ ಅಂಶದಷ್ಟು ಕಡಿಮೆ. 2019ರಲ್ಲಿ ಮತ್ತೊಂದು ಅಧ್ಯಯನ ಒಂದು ಕಾರಣ ಬಿಡಿಸಿತು. ಕಪ್ಪು ವಿಜ್ಞಾನಿಗಳು ಆರಿಸಿಕೊಳ್ಳೋ ವಿಷಯಗಳೇ ಬೇರೆ. ಸಮುದಾಯದ ಆರೋಗ್ಯ, ಜನರ ನಡುವಿನ ಆರೋಗ್ಯದ ಅಂತರ, ಇಂಥವು. ಆ ವಿಷಯಗಳಿಗೆ ಹಣ ಸಿಗೋದೇ ಕಡಿಮೆ. ಆಕ್ಸಿಮೀಟರ್ ಕಥೆಯನ್ನ ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಯಾರು ಕೇಳ್ತಾರೆ ಅನ್ನೋದರ ಮೇಲೆ ಪ್ರಶ್ನೆ ಬದಲಾಗುತ್ತೆ. ಪ್ರಶ್ನೆ ಬದಲಾದ್ರೆ ಕೆಲವೊಮ್ಮೆ ದುಡ್ಡೂ ನಿಂತುಹೋಗುತ್ತೆ.

2014ರಲ್ಲಿ ಎನ್ಐಎಚ್ ಹತ್ತು ಕ್ಯಾಂಪಸ್‌ಗಳಲ್ಲಿ ದೊಡ್ಡ ಮಟ್ಟದ ತರಬೇತಿ ಯೋಜನೆ ಶುರು ಮಾಡಿತು, ಜೊತೆಗೆ ದೇಶವ್ಯಾಪಿ ಮೆಂಟರ್ ಜಾಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡೋದನ್ನ ನಿಲ್ಲಿಸಿತು. 2025ರಲ್ಲಿ ಎನ್ಐಎಚ್ ಮಾರ್ಕ್ ಸೇರಿದಂತೆ ಇಂಥ ಹಲವು ತರಬೇತಿ ಯೋಜನೆಗಳನ್ನೇ ಕೊನೆಗೊಳಿಸಿತು. ಹೈಸ್ಕೂಲಿನ ಹುಡುಗಿ ಲ್ಯಾಬಿಗೆ ಕಾಲಿಟ್ಟು ಲಸಿಕೆ ವಿಜ್ಞಾನಿ ಆಗೋಕೆ ಒಂದೂವರೆ ದಶಕ ಬೇಕಾಯ್ತು. ಕಡಿತದ ಪರಿಣಾಮವೂ ಅಷ್ಟೇ ನಿಧಾನವಾಗಿ ಕಾಣಿಸುತ್ತೆ. ಅದಕ್ಕೇ ಸರ್ಕಾರಗಳಿಗೆ ಇಂಥದ್ದನ್ನ ಕಡಿಯೋದು ಸುಲಭ. ಯಾವ ಚುನಾವಣೆಯೊಳಗೂ ಲೆಕ್ಕ ಕೇಳೋರು ಬರಲ್ಲ.

ನಮ್ಮ ಕಡೆಗೆ ಬನ್ನಿ. ಭಾರತದ ಮೇಲ್ದರ್ಜೆಯ ವಿಜ್ಞಾನ ಸಂಸ್ಥೆಗಳಲ್ಲಿ ದಲಿತ, ಆದಿವಾಸಿ ಹಿನ್ನೆಲೆಯವರು ಎಷ್ಟು ಕಡಿಮೆ ಅಂತ 2023ರಲ್ಲಿ ನೇಚರ್ ಪತ್ರಿಕೆ ಸಂಖ್ಯೆಗಳ ಸಮೇತ ಬರೆಯಿತು. ಬೆಂಗಳೂರು ಒಂದೇ ಊರಿನಲ್ಲಿ ಐಐಎಸ್‌ಸಿ ಇದೆ, ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಇದೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ ಇದೆ. ರಾಯಚೂರು, ಬೀದರ್ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಓದೋ ಹುಡುಗಿಗೆ ಈ ಮೂರರ ಹೆಸರು ಹೇಳಿದವರು ಯಾರು? ಬಿಎಸ್ಸಿ ಮಾಡಿ ಏನ್ ಮಾಡ್ತೀಯಮ್ಮ ಅಂತ ಕೇಳಿದವರು ಮಾತ್ರ ಬಹಳ ಜನ ಇರ್ತಾರೆ.

ದುಡ್ಡೇ ಇಲ್ಲ ಅಂತಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದೋರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಇರೋದೇ ಬೇಸಿಗೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಪ್ರಾಜೆಕ್ಟ್ ಮಾಡೋಕೆ. ದುಡ್ಡು ಖಾತೆಗೆ ಬರುತ್ತೆ, ವಿಜ್ಞಾನಿಯನ್ನ ಹುಡುಕಬೇಕಾದ್ದು ಆ ಮಗುವೇ. ಇಂಗ್ಲಿಷಿನಲ್ಲಿ ಇಮೇಲ್ ಬರೆಯೋಕೆ ಹತ್ತು ಸಲ ಅಳಿಸಿ ಬರೆಯೋ ಮಗು ಅದು. ಪೇಟೆಯ ದೊಡ್ಡ ಕಾಲೇಜಿನ ಹುಡುಗನಿಗೆ ಅಪ್ಪನ ಗೆಳೆಯರೊಬ್ಬರು ಇರ್ತಾರೆ. ಬಾಲ್ಟಿಮೋರ್‌ನವರು ತುಂಬಿದ್ದು ಈ ಜಾಗವನ್ನೇ. ಗೆಳೆಯನಿಲ್ಲದ ಅಪ್ಪನ ಮಕ್ಕಳಿಗೆ, ಸಂಬಳ ಕೊಟ್ಟು ಒಬ್ಬರನ್ನ ನೇಮಿಸಿ, ಇವರ ಹೆಸರು ಹಿಡಿದು ಲ್ಯಾಬಿಗೆ ಫೋನ್ ಮಾಡೋದೇ ನಿಮ್ಮ ಕೆಲಸ ಅಂದರು. ನಮ್ಮ ಜಿಲ್ಲಾ ಕೇಂದ್ರದ ಒಂದೊಂದು ಸರ್ಕಾರಿ ವಿಜ್ಞಾನ ಕಾಲೇಜಿಗೆ ಇಂಥ ಒಂದು ಹುದ್ದೆ ಸೃಷ್ಟಿಸೋದಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ.

ಅಲ್ಲಿಯ ತನಕ ಇರೋ ದಾರಿ ಒಂದು ಹೇಳಿಬಿಡ್ತೀನಿ, ಮನೆಯಲ್ಲಿ ಬಿಎಸ್ಸಿ ಓದೋರಿದ್ರೆ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತೆ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡ್ ಇರುತ್ತೆ, ಶಿಕ್ಷಕರಿಗೂ ಅದರಲ್ಲಿ ಜಾಗ ಇದೆ. ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ ಕರೀತಾರೆ. ಅರ್ಜಿಯಲ್ಲಿ ವಿದ್ಯಾರ್ಥಿ ತನಗೆ ಏನು ಕಲಿಯೋ ಆಸೆ ಅಂತ ಬರೀಬೇಕು. ಜೊತೆಗೆ ಆ ವಿದ್ಯಾರ್ಥಿಯನ್ನ ಬಲ್ಲ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು. ನೋಡ್ತಾ ಇರೋ ಲೆಕ್ಚರರ್‌ಗಳೇ, ಮಕ್ಕಳು ಬಂದು ಕೇಳೋಕೆ ಹಿಂಜರೀತಾರೆ. ನೀವೇ ಕರೆದು ಕೇಳಿ.